ಒಪ್ಪಿಕೊಂಡ ದೋಷಗಳು

ಬೋರ್ಡು ಹಸಿರಾಗಿತ್ತು. ಹಸಿರಾಗಿರಬಾರದಿತ್ತು. ನಿನ್ನೆ ಸಂಜೆ ಹೊರಡುವಾಗ ಆ ಗೋಡೆಯಗಲದ ಪರದೆಯ ಎಡಮೂಲೆಯಲ್ಲಿ ಒಂದು ಕೆಂಪು ಚೌಕವನ್ನು, ತನ್ನ ಕೆಂಪು ಚೌಕವನ್ನು, ಬಿಟ್ಟು ಹೋಗಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದವಳ ಹಾಗೆ ಮನೆಯಲ್ಲೂ ಜೀವ ಅದರ ಮೇಲೇ ಇತ್ತು. ಈಗ ಬ್ಯಾಗನ್ನು ಹೆಗಲಿಂದ ಇಳಿಸದೆ ಬಾಗಿಲಲ್ಲೇ ನಿಂತು ನೋಡುತ್ತಾಳೆ, ಮೂಲೆಯಿಂದ ಮೂಲೆಗೆ ಹಸಿರು, ದನ ಮೇಯಲು ಬಿಡಬಹುದು, ಅಷ್ಟು ಹಸಿರು. ಅದರ ಕೆಳಗೆ ಮೇಜಿನ ಮೇಲೆ ಕೇಕಿನ ಡಬ್ಬಿ. ಹೊಸ ಆವೃತ್ತಿಯ ಬಿಡುಗಡೆ ಸಂಜೆಗೆ, ಕೇಕು ಬೆಳಿಗ್ಗೆಯೇ ಹಾಜರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಈ ಆಫೀಸಿನ ಹಳೆಯ ಚಾಳಿ. ಯಾರೋ ಡಬ್ಬಿಯ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದರು. ಯಾರೂ ಅವಳ ಕಡೆ ನೋಡಲಿಲ್ಲ, ಮತ್ತು ನೋಡದೆ ಇರುವುದಕ್ಕೆ ಸ್ವಲ್ಪ ಕಷ್ಟಪಡುತ್ತಿದ್ದಾರೆ ಎಂದು ಅವಳಿಗನ್ನಿಸಿತು.

ಅಲ್ಲಿ ಮಾಡುವುದು ಕಂಪೈಲರ್. ಪ್ರೋಗ್ರಾಮು ಬರೆಯುವವರು ಬರೆದದ್ದನ್ನು ಓದಿ, ಅರ್ಥಮಾಡಿಕೊಂಡು, ಯಂತ್ರ ಮಾಡಬಲ್ಲ ಆಜ್ಞೆಗಳಾಗಿ ಬದಲಿಸಿಕೊಡುವ ಸಾಧನ. ಉಳಿದವರೆಲ್ಲ ಸೇರಿ ಅದನ್ನು ಕಟ್ಟುತ್ತಾರೆ. ಅವಳು ಅದು ಮುಗ್ಗರಿಸುವಂತೆ ಮಾಡುತ್ತಾಳೆ. ನಿಯಮದ ಪ್ರಕಾರ ಬರೆಯಬಹುದಾದ, ಆದರೆ ತಲೆ ನೆಟ್ಟಗಿರುವ ಯಾರೂ ಬರೆಯದ ಸಾಲುಗಳನ್ನು ಹುಡುಕಿ ಹುಡುಕಿ ಬರೆದು ಅದರ ಬಾಯಿಗೆ ತುರುಕುವುದು, ಅದು ಸರಿಯಾಗಿ ನುಂಗಿತೋ, ಉಗುಳಬೇಕಾದದ್ದನ್ನು ಉಗುಳಿತೋ ಎಂದು ಕಾದು ನೋಡುವುದು. ಪರೀಕ್ಷೆ ಗೆದ್ದರೆ ಬೋರ್ಡಿನಲ್ಲಿ ಹಸಿರು, ಬಿದ್ದರೆ ಕೆಂಪು. ಇದಕ್ಕೇ ಅವಳಿಗೆ ಹಿಂದಿನಿಂದ ಕೊಕ್ಕೆ ಎಂದು ಹೆಸರು, ಮುಂದಿನಿಂದ ಕೊಕ್ಕೆ ಅಕ್ಕ ಎಂದು ಹೆಸರು. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ, ಅಲ್ಲ, ಕೊಕ್ಕೆ ಇಲ್ಲದ ಬಾಗಿಲನ್ನು ಯಾರು ನೆಚ್ಚುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಳು ಅಷ್ಟೇ, ಹೊರಗೆ ಅನ್ನಲಿಲ್ಲ. ಹೊರಗೆ ಅನ್ನುವ ಅಭ್ಯಾಸ ಅವಳಿಗೆ ಯಾವತ್ತು ಇತ್ತು?

ಮೂರು ವಾರದಿಂದ ಅವಳು ಒಂದೇ ಸಂಗತಿಯ ಹಿಂದೆ ಬಿದ್ದಿದ್ದಳು. ಪ್ರೋಗ್ರಾಮು ನಡೆಯುವಾಗ ವಸ್ತುಗಳನ್ನಿಡಲು ಯಂತ್ರದ ನೆನಪಿನಲ್ಲಿ ಜಾಗ ಬೇಕು. ಜಾಗ ಕೇಳಲು ಒಂದು ಪದ ಇದೆ. ಆ ಪದದ ಬೆನ್ನಿಗೆ ಕಂಸದೊಳಗೆ ಒಂದು ಹೆಸರು. ಆ ಹೆಸರನ್ನು ಎರಡು ಥರ ಓದಬಹುದು. ‘ಈ ಬಗೆಯ ವಸ್ತುವಿಗೆ ಹೊಸ ಜಾಗ ಕೊಡು’ ಎಂದಾದರೂ ಓದಬಹುದು, ‘ಇಗೋ, ಆಗಲೇ ಇರುವ ಈ ಜಾಗದಲ್ಲೇ ತಂದು ಕೂರಿಸು’ ಎಂದಾದರೂ ಓದಬಹುದು. ಯಾವುದು ಎನ್ನುವುದಕ್ಕೆ ನಿಯಮ ಇದೆ, ಹತ್ತಿರದಲ್ಲಿ ಆ ಹೆಸರನ್ನು ಯಾವುದಕ್ಕೆ ಇಟ್ಟಿದ್ದಾರೋ ಅದೇ ಲೆಕ್ಕ, ದೂರದ್ದಲ್ಲ. ಅವಳು ಬರೆದ ಸಾಲಿನಲ್ಲಿ ಹತ್ತಿರದ ಅರ್ಥ ಹೊಸ ಜಾಗ. ಕಂಪೈಲರ್ ದೂರದ ಅರ್ಥ ಹಿಡಿಯಿತು. ಹಳೆಯ ಜಾಗದಲ್ಲಿ ಆಗಲೇ ಕೂತಿದ್ದ ವಸ್ತುವಿನ ತಲೆಯ ಮೇಲೆ ಹೊಸದನ್ನು ತಂದು ಕೂರಿಸಿತು. ಕೂತಿದ್ದದ್ದು ಅಳಿಸಿಹೋಯಿತು. ಎಚ್ಚರಿಕೆ ಇಲ್ಲ, ಗೊಣಗಾಟ ಇಲ್ಲ. ತಪ್ಪು ಓದಿದ್ದನ್ನಾದರೂ ಕ್ಷಮಿಸಬಹುದಿತ್ತು. ಓದುವವರೆಲ್ಲ ಒಮ್ಮೊಮ್ಮೆ ತಪ್ಪು ಓದುತ್ತಾರೆ. ಏನೂ ಅನ್ನದೆ ಅಳಿಸಿದ್ದು ಅವಳಿಗೆ ತಡೆಯಲಾಗಲಿಲ್ಲ.

ತನ್ನ ಜಾಗಕ್ಕೆ ಹೋದಳು. ಜಾಗ ಎಂದರೆ ನೀರಿನ ಯಂತ್ರದ ಪಕ್ಕ; ಹೋದ ವರ್ಷದವರೆಗೆ ಕಿಟಕಿಯ ಹತ್ತಿರ ಇತ್ತು. ಲೋಟ ಹಿಡಿದು ಬಂದವರು ನೀರು ತುಂಬುವವರೆಗೆ ಅವಳ ಪರದೆ ಓದುತ್ತಾ ನಿಲ್ಲುತ್ತಾರೆ. ಹುಡುಕಿದಳು. ಸಿಕ್ಕಿತು. ಅವಳ ಪರೀಕ್ಷೆಯನ್ನು ಅಳಿಸಿರಲಿಲ್ಲ, ಅದಕ್ಕಿಂತ ನಾಜೂಕಾದ ಕೆಲಸ ಮಾಡಿದ್ದರು. ‘ಒಪ್ಪಿಕೊಂಡ ದೋಷಗಳು’ ಎಂಬ ಪಟ್ಟಿಗೆ ಸೇರಿಸಿದ್ದರು. ಇದು ದೋಷ ಹೌದು, ನಮಗೆ ಗೊತ್ತು, ಸದ್ಯಕ್ಕೆ ಇರಲಿ, ಎನ್ನುವ ಪಟ್ಟಿ. ಅದಕ್ಕೆ ಸೇರಿದ ಪರೀಕ್ಷೆ ಬಿದ್ದರೆ ಬೋರ್ಡಿಗೆ ನೋವಿಲ್ಲ, ಬೀಳಲಿ ಎಂದೇ ಕಾದಿದ್ದೆವಲ್ಲ, ಹಸಿರು. ಎದುರಿಗೆ ‘ಒಪ್ಪಿದವರು’ ಎಂಬ ಜಾಗದಲ್ಲಿ ಅವಳ ಹೆಸರು. ಪೂರ್ತಿ ಹೆಸರು, ಮದುವೆಯಾದ ಮೇಲೆ ಸೇರಿಕೊಂಡ ಬಾಲದ ಸಮೇತ. ಕಿವಿಯ ತುದಿ ಬಿಸಿಯಾಯಿತು. ಯಾರೋ ನೀರು ತುಂಬಿಸಿಕೊಳ್ಳಲು ಬಂದರು; ಪರದೆಯನ್ನು ಕೈಯಿಂದ ಮುಚ್ಚಬೇಕು ಅನ್ನಿಸಿತು, ತಾನೇ ಏನೋ ಕದ್ದವಳ ಹಾಗೆ.

ಬೆಳಿಗ್ಗೆ ಹೊರಡುವ ಮುಂಚೆ ಗಂಡ ಅವಳ ಮೇಜನ್ನು ಟೇಪು ಹಿಡಿದು ಅಳೆಯುತ್ತಿದ್ದ. ಮನೆಯ ಸಣ್ಣ ಕೋಣೆಯ ಮೇಜು, ಒಂದು ಕಾಲಿಗೆ ಮಡಚಿದ ರಟ್ಟು ಕೊಟ್ಟದ್ದು; ರಜೆಯ ದಿನ ಅವಳು ಬಾಗಿಲು ಹಾಕಿಕೊಂಡು ಕೂರುವ, ಕೂತು ಕೆಲವು ಸಲ ಏನೂ ಮಾಡದ ಕೋಣೆ. “ಏನ್ರೀ ಇದು?” ಎಂದು ಕೇಳಿದಳು. “ಪ್ಯಾಸೇಜಲ್ಲಿ ಹಿಡಿಯುತ್ತಾ ನೋಡ್ತಿದ್ದೀನಿ. ಅಣ್ಣ ಬರ್ತಾನಲ್ಲ,” ಎಂದ. ಅವನಣ್ಣ, ಅವಳಿಗೆ ಭಾವ, ಮಗಳ ಮನೆಯಲ್ಲಿ ಅಳಿಯನ ಜೊತೆ ಮಾತು ಬಿಟ್ಟು ಕೂತಿದ್ದ ವಿಷಯ ಅವಳಿಗೆ ಗೊತ್ತಿತ್ತು. ಇಲ್ಲಿಗೆ ಬರುವ ವಿಷಯ ಗೊತ್ತಿರಲಿಲ್ಲ. “ಯಾವಾಗ ಹೇಳಿದ್ರಿ?” “ಮೊನ್ನೆ ಊಟ ಮಾಡುವಾಗ ಹೇಳಿದ್ನಲ್ಲೇ. ಅಣ್ಣನಿಗೆ ಸಣ್ಣ ಕೋಣೆ ಕೊಡೋಣವಾ ಅಂತ. ನೀನು ಏನೂ ಅನ್ನಲಿಲ್ಲ. ಸರಿ, ಒಪ್ಪಿದ್ದಾಳೆ ಅಂತ ಫೋನ್ ಮಾಡಿ ಹೇಳಿಬಿಟ್ಟೆ.” ಮೊನ್ನೆ ಊಟ ಮಾಡುವಾಗ ಅವಳು ಕಂಸದೊಳಗೆ ಇದ್ದಳು. ಹತ್ತಿರದ ಅರ್ಥ, ದೂರದ ಅರ್ಥ ಎಂದು ತಟ್ಟೆಯ ಅಂಚಿನಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದಳು. ಯಾರೋ ಏನೋ ಕೇಳಿದ ಹಾಗೆ ನೆನಪು. ಉತ್ತರ ಕೊಟ್ಟ ನೆನಪಿಲ್ಲ. ಗಂಡ ಒಳ್ಳೆಯವನು. ಅದೇ ತಾಪತ್ರಯ, ಅವನು ಒಳ್ಳೆಯವನು. ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಬಂದವರ ಕಣ್ಣಿನ ಮುಂದೆ ಗಾಜು ಬದಲಿಸಿ ಬದಲಿಸಿ ‘ಇದು ಚೆನ್ನಾಗಿ ಕಾಣುತ್ತೋ, ಅದೋ? ಮತ್ತೊಂದು ಸಲ ನೋಡಿ, ಇದೋ, ಅದೋ?’ ಎಂದು ದಿನವಿಡೀ ಅಪರಿಚಿತರನ್ನು ಬೇಸರವಿಲ್ಲದೆ ಕೇಳುತ್ತಾನೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ಅಂಗಡಿಯ ಶಟರಿನ ಒಳಗೇ ಉಳಿದುಬಿಡುತ್ತದೆ.

ಇವಳು ಏನೂ ಅನ್ನಲ್ಲ. ಅವಳ ಅಮ್ಮ ಬಂದವರ ಹತ್ತಿರ ಹೇಳುತ್ತಿದ್ದ ಮಾತು. ದೊಡ್ಡವಳಿಗೆ ಹೊಸ ಬಟ್ಟೆ, ಚಿಕ್ಕವನಿಗೆ ಆಟದ ಸಾಮಾನು, ನಡುವಿನವಳು ಪಾಪ ಏನೂ ಅನ್ನಲ್ಲ. ಹೊಗಳಿಕೆ ಎಂದುಕೊಂಡು ಎಷ್ಟೋ ವರ್ಷ ಆ ಮಾತನ್ನು ಒಳಗೆ ಬೆಚ್ಚಗೆ ಇಟ್ಟುಕೊಂಡಿದ್ದಳು. ಶಾಲೆಯ ಕೊನೆಯ ವರ್ಷದ ಗುಂಪು ಫೋಟೋದಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು, ಸರಿಯಾಗಿ ನೆನಪಿದೆ, ಕುರ್ಚಿಯ ಕಬ್ಬಿಣ ಬಿಸಿಲಿಗೆ ಕಾದು ತೊಡೆಗೆ ಚುರುಕ್ ಅಂದಿತ್ತು. ಟೀಚರ್ ಬಂದು, ಭುಜ ಮುಟ್ಟಿ, “ನೀನು ಹಿಂದೆ ಹೋಗ್ತೀಯಾ ಪುಟ್ಟಾ, ನೀನೇನೂ ಅಂದ್ಕೊಳಲ್ಲ ಅಲ್ವಾ?” ಎಂದು ಇನ್ನೊಬ್ಬಳನ್ನು ಕೂರಿಸಿದರು. ಹಿಂದೆ ಹೋದಳು. ಫೋಟೋ ಬಂದಾಗ ಯಾರದೋ ದೊಡ್ಡ ರಿಬ್ಬನಿನ ಹಿಂದೆ ಅವಳ ಒಂದು ಕಿವಿ ಇತ್ತು. ಮನೆಯಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು, ಅಪ್ಪ ಆ ಕಿವಿಗೆ ಪೆನ್ನಿನಿಂದ ಸುತ್ತು ಹಾಕಿ ಇಟ್ಟರು. ಈಗ ಬಿಸಿಯಾಗಿರುವುದು ಅದೇ ಕಿವಿ. ಇದೆಲ್ಲ ಹೋಲಿಸಿಕೊಂಡು ಕಣ್ಣೀರು ಹಾಕುವುದು ಅವಳಿಗೆ ಹಿಡಿಸದ ಕೆಲಸ. ಛೀ, ಒಂದು ಫೋಟೋ, ಒಂದು ಮೇಜು, ಒಂದು ಸಾಲು, ಯಾವುದಕ್ಕೆ ಯಾವುದು ಎಂದು ಬೈದುಕೊಂಡಳು. ಬೈದುಕೊಂಡರೂ ಎದ್ದು ನಿಂತಿದ್ದಳು.

ಮುಖ್ಯಸ್ಥನಿಗೆ ಗಾಜಿನ ಕೋಣೆ. ಎಲ್ಲರೂ ಹಿಂದಿನಿಂದ ಹಸಿರಪ್ಪ ಎನ್ನುತ್ತಾರೆ; ಬೋರ್ಡಿನಲ್ಲಿ ಒಂದು ಚೌಕ ಕೆಂಪಾದರೆ ಅವನಿಗೆ ಊಟ ಸೇರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳ ಪಕ್ಕದಲ್ಲೇ ಕೂತು ಕಲಿತವನು. ಆಗ ಅಕ್ಕ ಎನ್ನುತ್ತಿದ್ದ, ಗಾಜಿನ ಕೋಣೆಗೆ ಹೋದ ಮೇಲೆ ಮೇಡಂ ಎನ್ನುತ್ತಾನೆ.

“ಬನ್ನಿ ಮೇಡಂ, ಕೂತ್ಕೊಳ್ಳಿ.”

“ನಿಂತೇ ಮಾತಾಡ್ತೀನಿ. ನನ್ನ ಹೆಸರು ಆ ಪಟ್ಟಿಗೆ ಹಾಕಿದ್ದು ಯಾರು?”

ಅವನು ಮುಖ ಸಣ್ಣ ಮಾಡಲಿಲ್ಲ, ನಿಜಕ್ಕೂ ಆಶ್ಚರ್ಯಪಟ್ಟ. “ನಿನ್ನೆ ಸಂಜೆ ಗುಂಪಿಗೆ ಮೆಸೇಜ್ ಹಾಕಿದ್ನಲ್ಲ ಮೇಡಂ. ಆಕ್ಷೇಪ ಇದ್ರೆ ಒಂದು ಗಂಟೆಯೊಳಗೆ ಹೇಳಿ ಅಂತ. ನೀವು ಏನೂ ಅನ್ನಲಿಲ್ಲ.”

“ಬಸ್ಸಲ್ಲಿ ನಿಂತಿದ್ದೆ. ಫೋನು ಬ್ಯಾಗಲ್ಲಿತ್ತು.”

“ಅದು ನನಗೆ ಹೇಗೆ ಗೊತ್ತಾಗಬೇಕು ಹೇಳಿ? ಪರೀಕ್ಷೆ ನಿಮ್ಮದು, ಹೆಸರು ನಿಮ್ಮದೇ ಹಾಕ್ಬೇಕು. ಮುಂದಿನ ಬಿಡುಗಡೇಲಿ ಸರಿಮಾಡೋಣ. ಆ ಥರ ಸಾಲು ಜಗತ್ತಲ್ಲಿ ಯಾರು ಮೇಡಂ ಬರೀತಾರೆ?”

“ನಾನು ಬರೆದೆ.”

“ನೀವು ಬರೆಯೋದೇ ಅದಕ್ಕೆ.” ನಕ್ಕ. ಅವನ ನಗೆಯಲ್ಲಿ ಕೆಟ್ಟತನ ಇರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

“ದೋಷ ಇದೆ ಅಂತ ಹಾಕ್ಕೊಳ್ಳಿ. ನಾನು ಒಪ್ಪಿದ್ದೀನಿ ಅಂತ ಹಾಕಬೇಡಿ. ನನ್ನ ಹೆಸರು ತೆಗೀರಿ.”

“ಹೆಸರು ತೆಗೆದ್ರೆ ಪಟ್ಟಿ ಅದನ್ನ ತಗೊಳಲ್ಲ, ಬೋರ್ಡು ಕೆಂಪಾಗುತ್ತೆ, ಸಂಜೆ ಬಿಡುಗಡೆ ನಿಲ್ಲುತ್ತೆ. ಪಟ್ಟಿಗೆ ಬೀಗ ಹಾಕಿಯಾಗಿದೆ ಮೇಡಂ. ಒಂದು ಚಿಕ್ಕ ವಿಷಯ. ನೀವು ಯಾವತ್ತೂ ಇಂಥದ್ದಕ್ಕೆಲ್ಲ ಹಟ ಮಾಡಿದವರಲ್ಲ.”

ಹೌದು, ಮಾಡಿದವಳಲ್ಲ. ಕಿಟಕಿಯ ಹತ್ತಿರದ ಜಾಗ ಹೋದಾಗ ಮಾಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇದು ಎಂದು ಒಳಗೇ ಅಂದುಕೊಂಡು ಡ್ರಾಯರಿನ ಸಾಮಾನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ನಡೆದಿದ್ದಳು. ಅವತ್ತು ಹೆಸರು ಹಾಕಿರಲಿಲ್ಲ, ಜಾಗ ಮಾತ್ರ ತಗೊಂಡಿದ್ದರು. ಈಗ ಅವಳ ಹೆಸರನ್ನೇ ತಗೊಂಡು ಅವಳ ಬಾಯಲ್ಲಿ ಹೂಂ ಅನ್ನಿಸಿದ್ದಾರೆ. ಎಲ್ಲೋ, ಯಾವುದೋ ಊರಿನ ಯಾವುದೋ ಆಫೀಸಿನಲ್ಲಿ, ಒಬ್ಬರು ಈ ಕಂಪೈಲರನ್ನು ನಂಬಿ ಅಂಥ ಒಂದು ಸಾಲು ಬರೆಯುತ್ತಾರೆ, ಅವರು ಇಟ್ಟ ಯಾವುದೋ ಲೆಕ್ಕ ಸದ್ದಿಲ್ಲದೆ ಅಳಿಸಿಹೋಗುತ್ತದೆ, ಮತ್ತು ಅವರು ದಿನಗಟ್ಟಲೆ ತಲೆ ಕೆರೆದುಕೊಂಡು ತಮ್ಮದೇ ತಪ್ಪು, ತಮಗೇ ಬುದ್ಧಿ ಸಾಲದು ಎಂದುಕೊಳ್ಳುತ್ತಾರೆ. ಆ ಮನುಷ್ಯ ಗಂಡೋ ಹೆಣ್ಣೋ ಗೊತ್ತಿಲ್ಲ. ಆದರೆ ತನ್ನದೇ ತಪ್ಪೆಂದುಕೊಂಡು ಕೂತ ಆ ಭಂಗಿ ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನಂತೆ! “ಇವತ್ತು ಮಾಡ್ತಿದ್ದೀನಿ, ಹಟ,” ಎಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಗಾಜಿನ ಆಚೆ ಎರಡು ತಲೆ ತಿರುಗಿದವು.

ಕಂಪೈಲರಿನಲ್ಲಿ ಸಾಲುಗಳನ್ನು ಓದುವ ಭಾಗ ಕಟ್ಟಿದವನಿಗೆ ಕಂಸ ಎಂದು ಹೆಸರು. ಹಗಲೂ ರಾತ್ರಿ ಕಂಸ ಎಣಿಸುತ್ತಾನೆಂದು ಇಟ್ಟದ್ದು, ಜೊತೆಗೆ ಗದರುವ ಗಂಟಲೂ ಅವನಿಗಿದೆ. ಅವಳು ಅವನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಾಗ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆಯದೆಯೇ, “ಕೊಕ್ಕೆ ಅಕ್ಕ, ಇವತ್ತು ಬೇಡ,” ಎಂದ.

“ಇವತ್ತೇ ಬೇಕು. ಪಟ್ಟಿಗೆ ಬೀಗ ಹಾಕಿದ್ದಾರೆ. ನಿನ್ನ ಭಾಗಕ್ಕೆ ಇನ್ನೂ ಹಾಕಿಲ್ಲ. ಮಧ್ಯಾಹ್ನದವರೆಗೆ ತಿದ್ದುಪಡಿ ತಗೊಳ್ತಾರೆ.”

“ನೋಡು, ನಿನ್ನ ಪರೀಕ್ಷೇಲಿ ಮೂರು ಸಾಲಿದೆ. ಮೂರೂ ತಪ್ಪು ಓದ್ತಿದೆ ಅಂತ ಬರೆದಿದ್ದೀಯ. ಎರಡನೇದನ್ನ ಸರಿಯಾಗೇ ಓದ್ತಿದೆ ನನ್ನದು. ನೀನೇ ನಿಯಮ ಓದಿಲ್ಲ.”

“ಓದಿದ್ದೀನಿ.”

“ಮತ್ತೆ ಓದು.” ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೈಕಟ್ಟಿದ. ಸುತ್ತ ನಾಲ್ಕು ಜನ ಕೆಲಸ ನಿಲ್ಲಿಸದ ಹಾಗೆ ನಟಿಸುತ್ತ ಕೆಲಸ ನಿಲ್ಲಿಸಿದ್ದರು. ಅವಳು ಓದಿದಳು. ಇಷ್ಟು ಹೊತ್ತು ಕಾಲ ಕೆಳಗೆ ಗಟ್ಟಿಯಾಗಿದ್ದದ್ದು ಸ್ವಲ್ಪ ಅಲ್ಲಾಡಿತು. ನಿಯಮದ ಕೆಳಗೆ ಒಂದು ಸಣ್ಣ ವಿನಾಯಿತಿ ಇತ್ತು. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದಳು, ಆದರೂ ಅದನ್ನು ಹಾರಿಕೊಂಡು ಹೋಗಿದ್ದಳು. ಎರಡನೆಯ ಸಾಲನ್ನು ಕಂಪೈಲರ್ ಸರಿಯಾಗಿ ಓದಿತ್ತು. ತಪ್ಪು ಅವಳದು. ಹಿಂದಿನ ಅವಳಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು, ಒಂದು ಕಡೆ ತಪ್ಪಿದವಳಿಗೆ ಇನ್ನೊಂದು ಕಡೆ ಬಾಯೆಲ್ಲಿ ಎಂದು ಎದ್ದು, ಸಾರಿ ಎಂದು, ನೀರಿನ ಯಂತ್ರದ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು. ಎದ್ದೇ ಬಿಡೋಣ ಎನ್ನಿಸಿತು ಕೂಡ. ಮೊಣಕಾಲು ಅರ್ಧ ಎದ್ದಿತು. ಆಮೇಲೆ, ಅರೆ, ಒಂದು ಸಾಲು ತಪ್ಪಾದರೆ ಉಳಿದ ಎರಡು ಸಾಲು ಯಾಕೆ ತಲೆ ತಗ್ಗಿಸಬೇಕು ಎಂಬ ಸಿಟ್ಟು ಎಲ್ಲಿಂದಲೋ ಬಂತು. ಇಷ್ಟು ಕಾಲ ಎಲ್ಲಿತ್ತೋ ಅದು. ಮತ್ತೆ ಕೂತಳು.

“ಎರಡನೇದು ನನ್ನ ತಪ್ಪು,” ಎಂದಳು, ನಾಲ್ಕೂ ಜನಕ್ಕೆ ಕೇಳುವ ಹಾಗೆ. “ಅದನ್ನ ಕಿತ್ತು ಹಾಕ್ತೀನಿ. ಒಂದನೇದು, ಮೂರನೇದು?”

ಗೆದ್ದವನಿಗೆ ಉದಾರನಾಗುವುದು ಸುಲಭ. ಕಂಸ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಒಂದನೆಯ ಸಾಲನ್ನು ಓದಿದ. ಮೂರನೆಯದನ್ನು ಓದಿದ. ತುಟಿ ಆಡುತ್ತಿತ್ತು, ಮಗ್ಗಿ ಒಪ್ಪಿಸುವವನ ಹಾಗೆ. ತನ್ನದೇ ಬರಹವನ್ನು ತೆರೆದು ಕೆಳಗೆ ಕೆಳಗೆ ಇಳಿದ, ಒಂದು ಕಡೆ ನಿಂತ. “ಥೂ ಇವನ,” ಎಂದ. ಬೈದದ್ದು ತನ್ನನ್ನೇ. “ಇಲ್ಲಿ ದೂರದ್ದನ್ನ ಮೊದಲು ಕೇಳ್ತಿದ್ದೀನಿ. ಹತ್ತಿರದ್ದನ್ನ ಮೊದಲು ಕೇಳಬೇಕಿತ್ತು.”

“ಅಷ್ಟೇನಾ?”

“ಅಷ್ಟೇ. ಎರಡು ಸಾಲು ಹಿಂದೆ ಮುಂದೆ ಮಾಡಬೇಕು.” ಮಾಡಲಿಲ್ಲ. ಬೆರಳು ಕೀಲಿಗಳ ಮೇಲೆ ನಿಂತವು. ಅವಳ ಕಡೆ ತಿರುಗಿದ. “ಅಕ್ಕ, ನಿನಗೆ ಗೊತ್ತಲ್ಲ, ಇದನ್ನ ನಾನು ತಿದ್ದಿದ್ರೆ ನಿನ್ನ ಪರೀಕ್ಷೆ ಗೆಲ್ಲುತ್ತೆ. ಗೆದ್ದರೆ ಏನಾಗುತ್ತೆ ಅಂತ ಗೊತ್ತಲ್ಲ?”

ಗೊತ್ತಿತ್ತು. ಆ ಪಟ್ಟಿಗೆ ಇನ್ನೊಂದು ನಿಯಮ ಇತ್ತು. ಬೀಳುತ್ತದೆ ಎಂದು ಬರೆದಿಟ್ಟ ಪರೀಕ್ಷೆ ಗೆದ್ದರೆ ಪಟ್ಟಿ ಸುಳ್ಳು ಹೇಳುತ್ತಿದೆ ಎಂದರ್ಥ. ಆಗ ಬೋರ್ಡು ಕೆಂಪಾಗುತ್ತದೆ, ಪಟ್ಟಿಯಿಂದ ಆ ಪರೀಕ್ಷೆಯನ್ನೂ ಅದರ ಎದುರಿನ ಹೆಸರನ್ನೂ ತೆಗೆಯುವವರೆಗೆ ಕೆಂಪಾಗಿಯೇ ಇರುತ್ತದೆ. ಅಪರೂಪಕ್ಕೆ ನಡೆಯುವುದರಿಂದ ಯಾರೂ ಅದನ್ನು ನೆನಪಿಡುವುದಿಲ್ಲ. ಹಸಿರಪ್ಪ ಮರೆತಿದ್ದ. ಅವಳು ಗಾಜಿನ ಕೋಣೆಯಿಂದ ಇಲ್ಲಿಗೆ ನಡೆದು ಬರುವಾಗಲೇ ನೆನಪು ಮಾಡಿಕೊಂಡಿದ್ದಳು.

“ಗೊತ್ತು. ಮಾಡು.”

“ನನ್ನ ಚರ್ಮ ಸುಲೀತಾನೆ ಅವನು.”

“ನಿನ್ನದ್ಯಾಕೆ ಸುಲೀತಾನೆ? ನೀನು ನಿನ್ನ ತಪ್ಪು ಸರಿಮಾಡಿದ್ದೀಯ. ಅಲ್ಲಿರೋದು ನನ್ನ ಹೆಸರು.”

ಕಂಸ ಸ್ವಲ್ಪ ಹೊತ್ತು ಅವಳನ್ನೇ ನೋಡಿದ, ಗೊತ್ತಿದ್ದ ಮುಖವನ್ನು ಬೇರೆ ಕನ್ನಡಕದಲ್ಲಿ ನೋಡುವ ಹಾಗೆ. “ನಿನಗೂ ಕೊಂಬಿದೆ ಅಂತ ಗೊತ್ತಿರಲಿಲ್ಲ ಮಾರಾಯ್ತಿ,” ಎಂದು ಎರಡು ಸಾಲು ಹಿಂದೆ ಮುಂದೆ ಮಾಡಿದ. ಅವಳು ತನ್ನ ಪರೀಕ್ಷೆಯ ಎರಡನೆಯ ಸಾಲನ್ನು ಕಿತ್ತು ಹಾಕಿದಳು.

ಪರೀಕ್ಷೆಗಳೆಲ್ಲ ಒಮ್ಮೆ ಓಡಲು ಊಟದ ಹೊತ್ತಾಯಿತು. ಅವಳು ಊಟಕ್ಕೆ ಹೋಗಲಿಲ್ಲ. ನೀರಿನ ಯಂತ್ರದ ಪಕ್ಕ ಕೂತು ಬೋರ್ಡನ್ನೇ ನೋಡುತ್ತಿದ್ದಳು. ಭಯ ಇರಲಿಲ್ಲ ಎಂದರೆ ಸುಳ್ಳು. ನಾಳೆಯಿಂದ ಎಲ್ಲರೂ ಅವಳನ್ನು ನೋಡಿ ಮೂಗು ಮುರಿಯಬಹುದು. ಇವಳಿಗೇನು ಬಂತು ಈ ವಯಸ್ಸಲ್ಲಿ ಅನ್ನಬಹುದು. ಅನ್ನಲಿ. ತಾನೂ ಅನ್ನಲು ಕಲಿಯುತ್ತಿದ್ದೇನಲ್ಲ, ಅವರೂ ಅನ್ನಲಿ. ಯಾರೋ ಲೋಟ ತುಂಬಿಸಿಕೊಳ್ಳುತ್ತ ನಿಂತಾಗ ಎಡಮೂಲೆಯ ಚೌಕ ಒಮ್ಮೆ ಬೂದಿಬಣ್ಣವಾಗಿ, ಕೆಂಪಾಯಿತು. ಬೋರ್ಡಿನ ತಲೆಬರಹವೂ ಕೆಂಪಾಯಿತು. ಅಷ್ಟೊಂದು ಹಸಿರಿನ ನಡುವೆ ಒಂದು ಚೌಕ. ಲೋಟದವನು ನೀರು ಚೆಲ್ಲಿಕೊಂಡ.

ಹಸಿರಪ್ಪ ಗಾಜಿನ ಬಾಗಿಲನ್ನು ಹಾಗೇ ತೆರೆದಿಟ್ಟು ಓಡಿಬಂದ, ಬಾಯಲ್ಲಿ ಇನ್ನೂ ತುತ್ತಿತ್ತು. “ಏನಾಯ್ತು? ಯಾರು ಏನು ಮುಟ್ಟಿದ್ರಿ? ಏನು ಕೆಡ್ತು?”

“ಏನೂ ಕೆಟ್ಟಿಲ್ಲ,” ಎಂದಳು ಅವಳು. “ಸರಿಯಾಗಿದೆ. ಅದಕ್ಕೇ ಕೆಂಪು.”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಹಸಿರಪ್ಪ ಬೋರ್ಡನ್ನು ನೋಡಿದ, ಕಂಸನನ್ನು ನೋಡಿದ. ಕಂಸ ಹೆಡ್‌ಫೋನ್ ಹಾಕಿಕೊಂಡು ಪರದೆಯೊಳಗೆ ಮುಖ ಹುದುಗಿಸಿದ್ದ. ಅರ್ಥವಾಗಲು ಒಂದು ಕ್ಷಣ ಹಿಡಿಯಿತು, ಅರ್ಥವಾದಾಗ ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡಲು ಏನೂ ಸಿಗದೆ ಮುಖ ಪೆಚ್ಚಾಯಿತು. ದೋಷ ಸರಿಯಾದದ್ದಕ್ಕೆ ಯಾರನ್ನು ಬೈಯುವುದು? “ಮೇಡಂ, ಒಂದು ಮಾತು ಮೊದಲೇ ಹೇಳಬಹುದಿತ್ತು,” ಎಂದ, ದನಿ ತಗ್ಗಿಸಿ.

“ಬೆಳಿಗ್ಗೆ ಹೇಳಿದೆ. ನಿಂತುಕೊಂಡು ಹೇಳಿದೆ. ನನ್ನ ಹೆಸರು ತೆಗೀರಿ ಅಂತ.”

“ಸರಿ, ತೆಗೀತೀನಿ ಬಿಡಿ. ನೀವು ಊಟ ಮಾಡಿ.”

“ತೆಗೀರಿ. ನಾನು ಇಲ್ಲೇ ಇರ್ತೀನಿ.”

ಬೀಗ ತೆಗೆಯುವ ಅಧಿಕಾರ ಅವನೊಬ್ಬನಿಗೇ ಇತ್ತು. ಗಾಜಿನ ಕೋಣೆಗೆ ಹೋಗದೆ, ಹತ್ತಿರದಲ್ಲೇ ಇತ್ತೆಂದು, ಅವಳದೇ ಕುರ್ಚಿಯಲ್ಲಿ ಕೂತು ತೆಗೆದ. ಹಾಗೆ ಕೂತಾಗ ಮೊದಲ ವರ್ಷದ ಆ ಬಡಕಲು ಹುಡುಗನ ಬೆನ್ನು ಅವಳಿಗೆ ಕಂಡಿತು, ಒಂಚೂರು ಪಾಪವೆನ್ನಿಸಿತು, ಅನ್ನಿಸಿದರೂ ಕದಲಲಿಲ್ಲ. ಒಪ್ಪಿದವರು ಎಂಬುದರ ಎದುರಿನ ಅಕ್ಷರಗಳನ್ನು ಅವನು ಒಂದೊಂದಾಗಿ ಹಿಂದಿನಿಂದ ಅಳಿಸುತ್ತ ಬಂದ; ಮದುವೆಯ ಬಾಲ ಹೋಯಿತು, ಅಪ್ಪನ ಇನಿಷಿಯಲ್ ಹೋಯಿತು, ಅವಳು ಹೋದಳು, ಖಾಲಿ ಉಳಿಯಿತು. “ಆಯ್ತಾ ಅಕ್ಕ?” ಎಂದ ಅವನು, ಮೇಡಂ ಅನ್ನುವುದನ್ನು ಮರೆತು. “ಆಯ್ತು,” ಎಂದಳು. ಸಂಜೆ ಬೋರ್ಡು ಮತ್ತೆ ಹಸಿರಾಯಿತು, ಬಿಡುಗಡೆಯಾಯಿತು, ಕೇಕು ಕತ್ತರಿಸಿದರು. ಅವಳಿಗೆ ಕೊಟ್ಟ ತುಂಡಿನಲ್ಲಿ ಕ್ರೀಮೇ ಇರಲಿಲ್ಲ. “ಕ್ರೀಮ್ ಇರೋದು ಕೊಡಿ,” ಎಂದಳು, ಕೊಟ್ಟರು.

ಮನೆಯ ಬಾಗಿಲು ತೆಗೆದರೆ ಮೇಜು ಎದುರಿಗೇ. ಪ್ಯಾಸೇಜಿನಲ್ಲಿ ಗೋಡೆಗೊರಗಿ ನಿಂತಿದೆ, ರಟ್ಟಿಲ್ಲದ ಕಾಲು ಗಾಳಿಯಲ್ಲಿ. ದಾಟಿ ಹೋಗಬೇಕೆಂದರೆ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಅಂಗಡಿ ಬೇಗ ಮುಚ್ಚಿ ಬಂದ ಗಂಡ ಖಾಲಿಯಾದ ಕೋಣೆಯಲ್ಲಿ ಹಾಸಿಗೆ ಬಿಚ್ಚುತ್ತಿದ್ದ, ಹಣೆಯಲ್ಲಿ ಬೆವರು, ಮುಖದಲ್ಲಿ ಕೆಲಸ ಮುಗಿಸಿದವನ ಸಂತೋಷ. “ಸರಿಯಾಗಿ ಹಿಡೀತು ನೋಡು,” ಎಂದ. ಭಾವ ಕೆಟ್ಟವರಲ್ಲ. ಈಗ ಹಾಸ್ಟೆಲಿನಲ್ಲಿರುವ ಮಗ ಹುಟ್ಟುವ ಹೊತ್ತಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡಿದವರು, ಈಗ ಮಗಳ ಮನೆಯಲ್ಲಿ ಮೂಲೆ ಹಿಡಿದು ಮಾತಿಲ್ಲದೆ ಕೂತವರು. ಅವರು ಬೇಡ ಎಂದು ಅವಳ ಮನಸ್ಸೇನೂ ಹೇಳುತ್ತಿರಲಿಲ್ಲ. ಬರಲಿ ಎಂದೂ ಹೇಳಿರಲಿಲ್ಲ. ಅವಳ ಮನಸ್ಸನ್ನು ಯಾರೂ ಇನ್ನೂ ಕೇಳಿಯೇ ಇಲ್ಲ, ಅವಳು ಸಹ.

“ರೀ, ಭಾವನಿಗೆ ಫೋನ್ ಮಾಡಿ.”

“ಯಾಕೆ? ನಾಳೆ ಮಾಡ್ತೀನಿ. ಹೊರಡೋ ದಿನ ಹೇಳ್ತಾನೆ.”

“ಈಗ ಮಾಡಿ. ಅವಳು ಒಪ್ಪಿದ್ದಾಳೆ ಅಂದ್ರಲ್ಲ, ಅದು ನಿಜ ಅಲ್ಲ, ನಾನು ಅವಳನ್ನ ಸರಿಯಾಗಿ ಕೇಳಿರಲಿಲ್ಲ ಅಂತ ಹೇಳಿ. ನಿಮ್ಮ ಬಾಯಲ್ಲೇ ಹೇಳಿ.”

ಗಂಡನ ಕೈಯಲ್ಲಿ ದಿಂಬಿತ್ತು. ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಎದೆಗೆ ಒತ್ತಿಕೊಂಡ. “ಏನಾಗಿದೆ ನಿನಗೆ? ಅಣ್ಣ ಏನಂದ್ಕೋತಾನೆ? ಅವನಿಗೆ ಜಾಗ ಇಲ್ಲ ಅಂದ ಹಾಗಾಗಲ್ವಾ? ಮೊನ್ನೆ ನೀನು ಏನಾದ್ರೂ ಅಂದಿದ್ರೆ...”

“ಮೊನ್ನೆ ಏನೂ ಅನ್ನಲಿಲ್ಲ. ಏನೂ ಅನ್ನದೆ ಇದ್ರೆ ಏನೂ ಅಂದಿಲ್ಲ ಅಂತಲೇ ಅರ್ಥ. ಬೇರೆ ಅರ್ಥ ಇಲ್ಲ. ಅಂಗಡೀಲಿ ಯಾರಾದ್ರೂ ಗಾಜು ನೋಡಿ ಸುಮ್ಮನೆ ಕೂತ್ರೆ ಅದೇ ಗಾಜು ಹಾಕಿ ಕಳಿಸ್ತೀರಾ?”

ಗಾಜಿನ ಮಾತು ಎಲ್ಲಿಗೋ ತಾಗಿರಬೇಕು. ದಿಂಬನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಫೋನು ತೆಗೆದು, ಅವಳಿಗೆ ಬೆನ್ನು ಹಾಕಿ ಮಾಡಿದ. “ಅಣ್ಣಾ... ಹಾಂ, ಊಟ ಆಯ್ತು... ಇಲ್ಲ, ಆಗಿಲ್ಲ. ಏನಂದ್ರೆ... ಮೊನ್ನೆ ನಾನು ಇವಳು ಒಪ್ಪಿದ್ದಾಳೆ ಅಂದ್ನಲ್ಲ... ಅದು ನಾನು... ಇವಳನ್ನ ಕೇಳಿರಲಿಲ್ಲ. ಕೇಳಿದ್ದೆ, ಆದ್ರೆ... ಇಲ್ಲ, ಕೇಳಿರಲಿಲ್ಲ.” ಅವನ ಕುತ್ತಿಗೆ ಹಿಂದೆ ಕೆಂಪಾಗಿತ್ತು. ಆಚೆಯಿಂದ ಏನೋ ಅಂದರು. ಅವನು ತಿರುಗಿ ಫೋನು ಚಾಚಿದ. “ನಿನ್ನ ಹತ್ತಿರ ಮಾತಾಡ್ಬೇಕಂತೆ.”

“ಹೇಳಿ ಭಾವ.”

“ಏನಮ್ಮಾ,” ಭಾವನ ದನಿ ಒಡೆದ ಮಡಕೆಯ ಹಾಗೆ, ಆದರೆ ಬಿರುಸಿಲ್ಲ. “ನನ್ನ ತಮ್ಮ ಏನೋ ತೊದಲ್ತಾ ಇದ್ದಾನೆ. ಸುತ್ತು ಬಳಸು ಬೇಡ, ನಾನೇ ಕೇಳ್ತೀನಿ. ಬರಲಾ, ಬೇಡವಾ?”

ಇಷ್ಟು ವರ್ಷದಲ್ಲಿ ಒಂದು ಪ್ರಶ್ನೆ ಹೀಗೆ ನೇರವಾಗಿ ಬಂದು ಅವಳ ಮುಂದೆ ನಿಂತು ಉತ್ತರಕ್ಕೆ ಕಾದದ್ದು ಇದೇ ಮೊದಲೇನೋ. ಬನ್ನಿ ಎನ್ನುವುದು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು, ಅಮ್ಮ ಕಲಿಸಿದ ಹಳೆಯ ಹೂಂ, ಯಾರು ಏನು ಕೇಳಿದರೂ ಉರುಳಿ ಬೀಳಲು ಸಿದ್ಧವಾದದ್ದು. ಅದನ್ನು ಹಿಡಿದು ನಿಲ್ಲಿಸಿದಳು. ಖಾಲಿ ಕೋಣೆಯನ್ನು ನೋಡಿದಳು, ಗೋಡೆಯ ಮೇಲೆ ಮೇಜು ಇದ್ದ ಕಡೆ ಉಳಿದ ತಿಳಿ ಬಣ್ಣದ ಪಟ್ಟಿಯನ್ನು, ನೆಲದ ಮೇಲೆ ಬಿದ್ದ ಮಡಚಿದ ರಟ್ಟನ್ನು. ಭಾವನ ಉಸಿರು ಕೇಳಿಸುತ್ತಿತ್ತು. ಹಿಂದೆ ಎಲ್ಲೋ ಅವರ ಮಗಳ ಮನೆಯ ಟಿವಿ ನಗುತ್ತಿತ್ತು.

“ಸುಮ್ಮನಾಗಿಬಿಟ್ಟೆಯಲ್ಲಮ್ಮಾ. ಅಂದ್ರೆ...” ಎಂದರು ಭಾವ.

“ಸುಮ್ಮನಿದ್ದೀನಿ ಅಂದ್ರೆ ಯೋಚನೆ ಮಾಡ್ತಿದ್ದೀನಿ ಅಂತ, ಭಾವ. ಮಾಡಿ ಹೇಳ್ತೀನಿ. ನಾನು ಬಾಯಿಬಿಟ್ಟು ಹೇಳೋವರೆಗೂ ಅದು ಹೂಂ ಅಲ್ಲ. ಊಹೂಂನೂ ಅಲ್ಲ.”

“ಸರಿ,” ಎಂದರು ಭಾವ. “ಕಾಯ್ತೀನಿ. ಇಲ್ಲಂತೂ ನನ್ನನ್ನ ಯಾರೂ ಏನೂ ಕೇಳಲ್ಲ, ಹೇಳೋದೂ ಇಲ್ಲ.”

ಫೋನನ್ನು ಗಂಡನ ಕೈಗೆ ಕೊಟ್ಟು ರಟ್ಟನ್ನು ಎತ್ತಿಕೊಂಡಳು. ಪ್ಯಾಸೇಜಿಗೆ ಹೋಗಿ ಮೇಜಿನ ಒಂದು ಬದಿಗೆ ಕೈ ಹಾಕಿದಳು. “ಆ ಕಡೆ ಹಿಡ್ಕೊಳ್ಳಿ.” ಅವನು ಫೋನು ಜೇಬಿಗೆ ಹಾಕಿ ಬಂದು ಹಿಡಿದ. ಮೇಜು ನೆನಪಿದ್ದದ್ದಕ್ಕಿಂತ ಭಾರವಿತ್ತು. ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು, ಒಳಗೂ ಹೋಗದೆ ಹೊರಗೂ ಬರದೆ, ಇಬ್ಬರೂ ಅದರ ಎರಡು ಬದಿಗೆ ಬಗ್ಗಿ ನಿಂತರು. ಬೆವರು ಒರೆಸಿಕೊಳ್ಳಲು ಕೈಯಿಲ್ಲದೆ ಅವನು ಅವಳ ಮುಖ ನೋಡಿದ.

“ಓರೆ ಮಾಡ್ಲಾ, ಹೀಗೇ ನೇರ ತರ್ಲಾ?” ಎಂದು ಕೇಳಿದ.

ಅವಳು ನಿಧಾನವಾಗಿ, ಬಾಗಿಲನ್ನೂ ಮೇಜನ್ನೂ ನೋಡಿ, ಯೋಚಿಸಿದಳು. ಅವನು ಭಾರ ಹಿಡಿದುಕೊಂಡು ಕಾದ.

“ಓರೆ ಮಾಡಿ,” ಎಂದಳು.